ಮತ ಹಾಕಿದ ಮರುದಿನ

ಹಳೆಯ ಮದರಾಸು ರಸ್ತೆಯಲ್ಲಿ ಹೊಸಕೋಟೆಯನ್ನು ಮುಟ್ಟುವ ಮೊದಲೇ ಬೂದಿಗೆರೆ ಕ್ರಾಸಿನಲ್ಲಿ ಎಡಕ್ಕೆ ತಿರುಗಿ, ಬೂದಿಗೆರೆಯ ಮೂಲಕ ದೇವನಹಳ್ಳಿಯ ಕಡೆಗೆ ಸಾಗುವವರಿಗೆ, ಮೊದಲು ಬಹುಮಹಡಿಯ ವಸತಿ ಸಮುಚ್ಚಯಗಳೂ, ಅವುಗಳ ಬೆನ್ನಿಗೆ ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ, ಹಿಪ್ಪುನೇರಳೆಯ ತೋಟಗಳೂ ಕಾಣಸಿಗುತ್ತವೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದಂದಿನಿಂದ ಈ ಸೀಮೆಯಲ್ಲಿ ನಗರವೂ ಗ್ರಾಮವೂ ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಒಂದರ ಗೋಡೆ ಎಲ್ಲಿ ಮುಗಿಯುವುದು, ಇನ್ನೊಂದರ ಬದು ಎಲ್ಲಿ ತೊಡಗುವುದು ಎಂದು ಹೇಳುವುದು ವರ್ಷದಿಂದ ವರ್ಷಕ್ಕೆ ಕಠಿನವಾಗುತ್ತಿದೆ. ಆದರೆ ಚುನಾವಣೆಯ ದಿನ ಮಾತ್ರ ಆ ಎಲ್ಲೆ ಢಾಳಾಗಿ ಎದ್ದು ಕಾಣುತ್ತದೆ.

2019ರ ಡಿಸೆಂಬರ್ 5ರಂದು ವಿಧಾನಸಭೆಯ ಉಪಚುನಾವಣೆಗಳು ನಡೆದಾಗ ಹೊಸಕೋಟೆ ಕ್ಷೇತ್ರದಲ್ಲಿ ನೂರಕ್ಕೆ ಸುಮಾರು 90 ಮಂದಿ ಮತ ಚಲಾಯಿಸಿದರು. ಅದೇ ರಸ್ತೆ ನಗರವನ್ನು ಹೊಗುವ ಕೃಷ್ಣರಾಜಪುರದಲ್ಲಿ, ಅದೇ ದಿನ, ಮತ ಹಾಕಿದವರು ನೂರಕ್ಕೆ 47ನ್ನೂ ಮುಟ್ಟಲಿಲ್ಲ. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯಲ್ಲಿ, ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲಗಳು ಸೇರಿರುವ ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿ ನೂರಕ್ಕೆ 77ರಷ್ಟು ಮತದಾನವಾದರೆ, ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳು ಮೂರೂ 53–54ರ ಆಸುಪಾಸಿನಲ್ಲಿಯೇ ನಿಂತವು. ಈ ಅಂಕಿಗಳನ್ನು ಓದಿದವರು, ಪ್ರಜಾಪ್ರಭುತ್ವವು ನಗರದಲ್ಲಿ ಕುಂದಿದೆ, ಗ್ರಾಮದಲ್ಲಿ ಸುಖವಾಗಿದೆ ಎಂದು ತೀರ್ಮಾನಿಸಿ ಪತ್ರಿಕೆಯನ್ನು ಮಡಿಸಿಡುವುದು ಸಹಜ. ನಾನು ಈ ಲೇಖನವನ್ನು ಬರೆಯುತ್ತಿರುವುದು ಆ ತೀರ್ಮಾನ ಅರ್ಧಸತ್ಯವೆಂದು ಹೇಳುವುದಕ್ಕಾಗಿ. ಮತದ ದಿನ ತುಂಬಿ ತುಳುಕುವ ನಮ್ಮ ಹಳ್ಳಿಗಳಲ್ಲಿ ಮರುದಿನದಿಂದ ಐದು ವರ್ಷಗಳ ಕಾಲ ಪ್ರಜೆಯ ಪೀಠ ಬರಿದಾಗಿರುತ್ತದೆ. ನಾವು ಕಳೆದುಕೊಂಡಿರುವುದು ಮತಪೆಟ್ಟಿಗೆಯನ್ನಲ್ಲ, ಸಭೆಯನ್ನು.

ರಾಜಕೀಯದಲ್ಲಿ ಪ್ರಜೆಗಳು ಭಾಗವಹಿಸುವ ಮಾರ್ಗಗಳು ಎರಡು ಬಗೆಯವು. ಶಾಸನವು ತಾನೇ ನಿರ್ಮಿಸಿ, ಕಾಲ ದೇಶಗಳನ್ನು ಗೊತ್ತುಮಾಡಿ, ಅಲ್ಲಿ ನುಡಿದ ಮಾತಿಗೆ ಬೆಲೆಯುಂಟೆಂದು ಒಪ್ಪಿಕೊಂಡಿರುವ ಮಾರ್ಗಗಳು ಒಂದು ಬಗೆ: ಮತದಾನ, ಉಮೇದುವಾರಿಕೆ, ಪಕ್ಷದ ಸದಸ್ಯತ್ವ, ವಾರ್ಡುಸಭೆ, ಗ್ರಾಮಸಭೆ, ಪಂಚಾಯತಿಯ ಲೆಕ್ಕಪತ್ರಗಳನ್ನೂ ಕಾಮಗಾರಿಗಳನ್ನೂ ಊರವರೆದುರು ಪರಿಶೀಲಿಸುವ ಜಮಾಬಂದಿ, ಸರಕಾರದ ಅಧಿಸೂಚನೆಗೆ ಅವಧಿಯೊಳಗೆ ಸಲ್ಲಿಸುವ ಆಕ್ಷೇಪಣೆ ಇವೇ ಮೊದಲಾದುವು. ಧರಣಿ, ಮೆರವಣಿಗೆ, ಬಂದ್, ಪತ್ರಿಕಾ ಹೇಳಿಕೆ, ಮೊಬೈಲಿನಲ್ಲಿ ಹರಿದಾಡುವ ಅಭಿಪ್ರಾಯ ಇವು ಇನ್ನೊಂದು ಬಗೆ. ಎರಡನೆಯದು ಅನಾವಶ್ಯಕವೆಂದು ಹೇಳುವವನು ನಾನಲ್ಲ. ಆದರೆ ಮೊದಲನೆಯದು ಮನೆಯ ಹೆಬ್ಬಾಗಿಲು. ಅದು ತುಕ್ಕು ಹಿಡಿದು ತೆರೆಯದಾದಾಗ ಜನ ಗೋಡೆಯನ್ನು ಗುದ್ದುತ್ತಾರೆ. ಗುದ್ದುವವರ ಕೈಯೂ ನೋಯುತ್ತದೆ, ಗೋಡೆಯೂ ಬಿರಿಯುತ್ತದೆ.

ಈ ಹೆಬ್ಬಾಗಿಲನ್ನು ನಮ್ಮ ಹಿರಿಯರು ಎಷ್ಟು ಕಾಲ ಕಾದು, ಎಷ್ಟು ಕಷ್ಟದಿಂದ ತೆರೆಸಿದರೆಂಬುದನ್ನು ನೆನೆಯದೆ ಇಂದಿನ ಉದಾಸೀನದ ಅರ್ಥ ತಿಳಿಯದು. ದಿವಾನ್ ಸಿ. ರಂಗಾಚಾರ್ಲು ಅವರ ಪ್ರೇರಣೆಯಿಂದ 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿದಾಗ ಅದರಲ್ಲಿ 144 ಮಂದಿ ಸದಸ್ಯರಿದ್ದರು. ಆ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಪ್ರತಿನಿಧಿಗಳು ಅನುಕೂಲಸ್ಥರ ವರ್ಗದಿಂದಲೇ ಬಂದವರು. ಚುನಾವಣೆಯೆಂಬುದು ಸೇರಿದ್ದು 1891ರ ಸುಮಾರಿಗೆ. ಅಷ್ಟಾದರೂ, ಕೆರೆಯ ಕೋಡಿ ಒಡೆದುದನ್ನೂ ರಸ್ತೆಯಿಲ್ಲದುದನ್ನೂ ಕಂದಾಯದ ಭಾರವನ್ನೂ ತಾಲ್ಲೂಕಿನ ರೈತನೊಬ್ಬ ದಿವಾನರೆದುರು ಎದ್ದು ನಿಂತು ನಿವೇದಿಸುವ, ಆ ನಿವೇದನೆ ಬರೆಹದಲ್ಲಿ ಉಳಿಯುವ ಪದ್ಧತಿಯೊಂದು ಅಂದು ಹುಟ್ಟಿತು. ಅಲ್ಲಿಂದ ಜವಾಬ್ದಾರಿ ಸರಕಾರದವರೆಗಿನ ಹಾದಿ ರಕ್ತವನ್ನೂ ಬೇಡಿತು. 1938ರ ಏಪ್ರಿಲ್‌ನಲ್ಲಿ ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಧ್ವಜಾರೋಹಣಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿತು. 1947ರ ‘ಮೈಸೂರು ಚಲೋ’ ಚಳವಳಿಯಲ್ಲಿ ಸೆರೆಮನೆಗಳು ತುಂಬಿದವು. ಆ ವರ್ಷದ ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ನೇತೃತ್ವದಲ್ಲಿ ಪ್ರಜೆಗಳಿಗೆ ಉತ್ತರ ಹೇಳಬೇಕಾದ ಸರಕಾರ ಮೈಸೂರಿಗೆ ಬಂದಿತು. ವಿದುರಾಶ್ವತ್ಥವಿರುವ ಗೌರಿಬಿದನೂರೂ ದೇವನಹಳ್ಳಿಯೂ ಇಂದು ಒಂದೇ ಲೋಕಸಭಾ ಕ್ಷೇತ್ರದೊಳಗಿವೆಯೆಂಬುದನ್ನು ಇಲ್ಲಿಯ ಮತದಾರರಲ್ಲಿ ಎಷ್ಟು ಮಂದಿ ನೆನೆಯುತ್ತಾರೋ ಕಾಣೆ.

1951–52ರ ಪ್ರಥಮ ಮಹಾಚುನಾವಣೆಗೆ ಪಟ್ಟಿ ಸಿದ್ಧಪಡಿಸಿದ ಅಧಿಕಾರಿಗಳಿಗೆ ಎದುರಾದ ಒಂದು ತೊಡಕು ಇಂದಿಗೂ ಮನಸ್ಸನ್ನು ಕಲಕುತ್ತದೆ. ದೇಶದ ಅನೇಕ ಕಡೆಗಳಲ್ಲಿ ಸ್ತ್ರೀಯರು ತಮ್ಮ ಹೆಸರನ್ನು ಹೇಳಲು ಒಪ್ಪದೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ತಿಳಿಸಿದ ಕಾರಣ, ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳನ್ನು ಪಟ್ಟಿಯಿಂದ ಬಿಡಬೇಕಾಯಿತು. ಅಂದರೆ, ವಿಧಿಬದ್ಧ ರಾಜಕೀಯದ ಮೊದಲ ಪಾಠ ತನಗೊಂದು ಹೆಸರುಂಟೆಂದು ಹೇಳುವುದೇ ಆಗಿತ್ತು. ಆ ಚುನಾವಣೆಯಲ್ಲಿ ದೇಶದಲ್ಲಿ ಮತ ಹಾಕಿದವರು ನೂರಕ್ಕೆ 45ರಷ್ಟು. 2024ರಲ್ಲಿ 66ರ ಸಮೀಪ. ಮತದಾನವೊಂದನ್ನೇ ಅಳತೆಗೋಲಾಗಿ ಹಿಡಿದರೆ ಈ ದೇಶ ಹಿಂದೆ ಸರಿದಿಲ್ಲ. ಪ್ರಜಾಪ್ರಭುತ್ವದ ತವರೆನಿಸಿಕೊಂಡ ಬ್ರಿಟನ್ನಿನಲ್ಲಿಯಾದರೋ 1950ರಲ್ಲಿ ನೂರಕ್ಕೆ 84ರಷ್ಟಿದ್ದ ಮತದಾನ 2024ರಲ್ಲಿ 60ಕ್ಕೆ ಇಳಿಯಿತು. ಅಲ್ಲಿಯ ಅವನತಿ ಮತಗಟ್ಟೆಯಲ್ಲಿಯೇ ಕಾಣಿಸುತ್ತದೆ. ನಮ್ಮದು ಮತಗಟ್ಟೆಯ ಉದ್ದನೆಯ ಸಾಲಿನ ಮರೆಯಲ್ಲಿ ಅಡಗಿರುವುದರಿಂದ ಅದನ್ನು ನಾವು ಕಾಣಲಾರೆವು.

ಮತದಾನದ ಆಚೆಗೂ ಪ್ರಜೆಗೆ ಒಂದು ಪೀಠ ಬೇಕೆಂಬ ವಿವೇಕ ಕರ್ನಾಟಕಕ್ಕೆ ಹೊಸದಲ್ಲ. ‘ನೀರ್ ಸಾಬ್’ ಎಂದು ಹಳ್ಳಿಗಳು ಪ್ರೀತಿಯಿಂದ ಕರೆದ ಅಬ್ದುಲ್ ನಜೀರ್ ಸಾಬರು, ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿದ್ದು ರೂಪಿಸಿದ 1983ರ ಶಾಸನದಂತೆ 1987ರ ಆರಂಭದಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯತಿಗಳಿಗೂ ಚುನಾವಣೆ ನಡೆದು, ನಾಲ್ಕನೆಯ ಒಂದು ಭಾಗ ಸ್ಥಾನಗಳಲ್ಲಿ ಸ್ತ್ರೀಯರು ಕುಳಿತರು. ಆ ಪ್ರಯೋಗದ ಅನುಭವವೂ ಸೇರಿ ರೂಪುಗೊಂಡ ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದೇ ವರ್ಷ ಕರ್ನಾಟಕ ತನ್ನ ಪಂಚಾಯತ್ ರಾಜ್ ಶಾಸನವನ್ನು ಮಾಡಿತು. ಇಂದು ನಮ್ಮ ಪಂಚಾಯತಿಗಳಲ್ಲಿ ಸ್ತ್ರೀಯರ ಮೀಸಲು ಅರ್ಧಕ್ಕೇರಿದೆ. ಆ ಶಾಸನದ ಅತ್ಯಂತ ಅಮೂಲ್ಯವಾದ ಅಂಗ, ನನ್ನ ಮತದಲ್ಲಿ, ಗ್ರಾಮಸಭೆ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಚುನಾವಣೆಯಲ್ಲಿ ಗೆಲ್ಲಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಮತದಾರರ ಹತ್ತನೆಯ ಒಂದು ಭಾಗ ಅಥವಾ ನೂರು ಮಂದಿ, ಇವೆರಡರಲ್ಲಿ ಕಡಮೆಯಾದಷ್ಟು ಮಂದಿ ಕೂಡಿದ್ದರೆ ಸಭೆ ಸಿಂಧು. ಶಾಸಕರಿಗೂ ಸಂಸತ್ಸದಸ್ಯರಿಗೂ ಪ್ರತಿನಿಧಿಗಳಾಗಿ ಮಾತ್ರ ದೊರೆಯುವ ಗೌರವ ಇಲ್ಲಿ ಬೂದಿಗೆರೆಯ ಕೂಲಿಕಾರ್ಮಿಕಳಿಗೂ ಹುಟ್ಟುಹಕ್ಕಿನಂತೆ ದೊರೆತಿದೆ. ಊರಿನ ಅರಳಿಕಟ್ಟೆಯ ಹಳೆಯ ಪಂಚಾಯತಿಯಲ್ಲಿ ಸ್ತ್ರೀಯರಿಗೂ ದಲಿತರಿಗೂ ಕೂರಲು ಎಡೆಯಿರಲಿಲ್ಲವೆಂಬುದನ್ನು ನೆನೆದರೆ, ಇದು ಹಳೆಯದರ ಮುಂದುವರಿಕೆಯಲ್ಲ, ಹೊಸ ಸೃಷ್ಟಿಯೇ ಸರಿ ಎಂಬುದು ಮನದಟ್ಟಾಗುತ್ತದೆ.

ಇಂತಹ ಸಭೆ ಇಂದು ಅನೇಕ ಊರುಗಳಲ್ಲಿ ಹೇಗೆ ನಡೆಯುತ್ತದೆಂಬುದನ್ನು ಬಲ್ಲವರು ಬಲ್ಲರು. ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಶಾಮಿಯಾನ ಕಟ್ಟಿ ಜಮಖಾನ ಹಾಸುತ್ತಾರೆ. ಹೊಲಕ್ಕೆ ಹೋದವಳು, ಕಾರ್ಖಾನೆಯ ಪಾಳಿಗೆ ಬಸ್ಸು ಹತ್ತಿದವನು, ವಿಮಾನ ನಿಲ್ದಾಣದ ರಾತ್ರಿಪಾಳಿ ಮುಗಿಸಿ ಮಲಗಿದ ಹುಡುಗ ಯಾರೂ ಅತ್ತ ಸುಳಿಯಲಾರರು. ನೋಡಲ್ ಅಧಿಕಾರಿ ಬರುತ್ತಾರೆ. ಇಲಾಖೆಗಳವರು ತಮ್ಮ ಯೋಜನೆಗಳ ಪಟ್ಟಿಯನ್ನು ಓದುತ್ತಾರೆ. ಮನೆ, ನಿವೇಶನ, ಕೊಟ್ಟಿಗೆಗಳ ಫಲಾನುಭವಿಗಳ ಹೆಸರುಗಳು ಕೇಳಿಬಂದಾಗ ಸಭೆ ಒಮ್ಮೆ ಚುರುಕಾಗುತ್ತದೆ, ಅದು ಮುಗಿದೊಡನೆ ಕರಗುತ್ತದೆ. ಕ್ರಿಯಾಯೋಜನೆಯನ್ನು ಓದುವ ವೇಳೆಗೆ ಮುಂದಿನ ಸಾಲಷ್ಟೇ ಉಳಿದಿರುತ್ತದೆ. ಕಡಮೆಬಿದ್ದ ಸಹಿಗಳನ್ನು ಆಮೇಲೆ ಮನೆಮನೆಗೆ ಹೋಗಿ ತುಂಬಿಸಿಕೊಳ್ಳುವುದೂ ಕೆಲವೆಡೆ ನಡೆಯುವುದುಂಟು. ‘ಫಲಾನುಭವಿ’ ಎಂಬ ಈ ಒಂದು ಪದದಲ್ಲಿ ನಮ್ಮ ಅವನತಿಯ ಕಥೆ ಅಡಕವಾಗಿದೆಯೆಂದು ನನಗೆ ತೋರುತ್ತದೆ. ಊರಿನ ವಿಚಾರವನ್ನು ನಿರ್ಣಯಿಸಲು ಬರಬೇಕಾದ ಪ್ರಜೆಯನ್ನು ನಾವು ತನ್ನ ಪಾಲಿನ ಫಲಕ್ಕಾಗಿ ಸರದಿಯಲ್ಲಿ ನಿಲ್ಲುವವನನ್ನಾಗಿ ಮಾಡಿದ್ದೇವೆ. ಸರದಿಯಲ್ಲಿ ನಿಂತವನಿಗೆ ಮುಂದಿರುವವನು ಸ್ಪರ್ಧಿ. ಸಭೆಯಲ್ಲಿ ಕುಳಿತವನಿಗೆ ಪಕ್ಕದವನು ಜೊತೆಗಾರ.

ದೋಷ ಜನರದಷ್ಟೇ ಅಲ್ಲ. ಸಭೆಗೆ ಹೋದರೆ ಏನಾದರೂ ನಿಶ್ಚಯವಾಗುವುದೆಂಬ ನಂಬಿಕೆಯಿದ್ದರೆ ತಾನೆ ಒಂದು ದಿನದ ಕೂಲಿಯನ್ನು ಬಿಟ್ಟು ಬಂದಾರು? ಈ ಸೀಮೆಯಲ್ಲಿ ಭೂಮಿಯ ಬಳಕೆಯನ್ನು ನಿರ್ಧರಿಸುವುದು ಯೋಜನಾ ಪ್ರಾಧಿಕಾರ, ಕೈಗಾರಿಕೆಗೆ ನೆಲವನ್ನು ಗೊತ್ತುಮಾಡುವುದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ಊರಿನ ಬದುಕನ್ನು ಬದಲಿಸುವ ದೊಡ್ಡ ತೀರ್ಮಾನಗಳು ಊರಿನ ಹೊರಗೇ ನಡೆದು, ಸಭೆಗೆ ಉಳಿಯುವುದು ಚರಂಡಿ, ಬೀದಿದೀಪ. ಸರಕಾರವೂ ತನ್ನ ಕರ್ತವ್ಯದಲ್ಲಿ ತಪ್ಪಿದೆ. ಪಂಚಾಯತಿಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ನಡೆಯತಕ್ಕದ್ದು ಎಂದು ಸಂವಿಧಾನ ಸ್ಪಷ್ಟವಾಗಿ ವಿಧಿಸಿದ್ದರೂ, ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಕಾಲಕ್ಕೆ ಸರಿಯಾಗಿ ನಡೆಸಬೇಕೆಂದು 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಖಚಿತವಾಗಿ ಹೇಳಿದ್ದರೂ, ನಮ್ಮ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಅಲ್ಲಿ ಆಡಳಿತಾಧಿಕಾರಿಗಳು ಕುಳಿತರು. ಬೆಂಗಳೂರಿನ ಮಹಾನಗರಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, ಐದು ವರ್ಷಕ್ಕೂ ಮೀರಿ ಆ ನಗರ ಚುನಾಯಿತ ಸದಸ್ಯರಿಲ್ಲದೆ ನಡೆಯಿತು. ಒಂದು ಪೂರ್ಣ ಅವಧಿಯೇ ಹೀಗೆ ಕಳೆದುಹೋದರೆ, ಆ ಐದು ವರ್ಷಗಳಲ್ಲಿ ಹದಿನೆಂಟು ತುಂಬಿದ ತರುಣನಿಗೆ ಚುನಾಯಿತ ಸದಸ್ಯನ ಮನೆಯ ಬಾಗಿಲು ತಟ್ಟುವ ರೂಢಿಯೇ ಹುಟ್ಟುವುದಿಲ್ಲ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯತಿ ಚುನಾವಣೆ ನಡೆದಾಗ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯಸ್ಥಾನಗಳನ್ನು ಹರಾಜಿಗಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಹರಾಜಿನ ಹಣ ಗುಡಿಗೆ ಹೋದರೂ ಊರಿನ ಕೆಲಸಕ್ಕೆ ಹೋದರೂ, ಉಮೇದುವಾರನಾಗುವ ಬಡವನ ಹಕ್ಕು ಅಲ್ಲಿ ಮಾರಾಟವಾದಂತೆಯೇ. ಪಕ್ಷಗಳ ಒಳಗೂ ಇದೇ ಬರಡುತನ: ಸದಸ್ಯರ ಸಂಖ್ಯೆ ದೊಡ್ಡದು, ಸದಸ್ಯರು ಕೂಡಿ ಚರ್ಚಿಸಿ ಉಮೇದುವಾರನನ್ನು ಆರಿಸುವ ಸಭೆ ಅಪರೂಪ.

ಹೆಬ್ಬಾಗಿಲು ಮುಚ್ಚಿದಾಗ ಏನಾಗುವುದೆಂಬುದಕ್ಕೆ ಬೂದಿಗೆರೆಯ ಸುತ್ತಲೇ ಎರಡು ದೃಷ್ಟಾಂತಗಳಿವೆ. ಬೂದಿಗೆರೆ ಕ್ರಾಸಿಗೆ ಸಮೀಪದ ಮಂಡೂರಿನಲ್ಲಿ ಬೆಂಗಳೂರಿನ ಕಸ ವರ್ಷಗಳ ಕಾಲ ಬೆಟ್ಟವಾಗಿ ಬೆಳೆಯಿತು. ಆ ಕಸವನ್ನು ಹೊರಹಾಕಿದವರು ಬೇರೆ ಆಡಳಿತದ ಪ್ರಜೆಗಳು, ಅದರ ನಾತವನ್ನು ಉಸಿರಾಡಿದವರು ಬೇರೆ ಆಡಳಿತದ ಪ್ರಜೆಗಳು. ಮಂಡೂರಿನವರ ಮತ ನಗರದ ಪಾಲಿಕೆಗೆ ಸಲ್ಲುತ್ತಿರಲಿಲ್ಲವಾಗಿ, ಅವರ ದೂರನ್ನು ಕೇಳಲೇಬೇಕಾದ ಚುನಾಯಿತರು ಆ ಪಾಲಿಕೆಯಲ್ಲಿರಲಿಲ್ಲ. 2014ರಲ್ಲಿ ಊರವರು ಲಾರಿಗಳಿಗೆ ಅಡ್ಡಲಾಗಿ ನಿಂತ ಮೇಲೆಯೇ, ಆ ವರ್ಷದ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು.

ಎರಡನೆಯದು ಬೂದಿಗೆರೆಯಿರುವ ದೇವನಹಳ್ಳಿ ತಾಲ್ಲೂಕಿನದೇ. ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಪಡೆಯಲು 2021ರಲ್ಲಿ ಪ್ರಾರಂಭಿಕ ಅಧಿಸೂಚನೆ ಹೊರಟಿತು. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಶಾಸನದ ಮೇರೆಗೆ ರೈತರು ಆಕ್ಷೇಪಣೆ ಸಲ್ಲಿಸಬಹುದೇ ಹೊರತು, ಗ್ರಾಮಸಭೆಯ ಸಮ್ಮತಿಯನ್ನು ಕೇಳಬೇಕೆಂಬ ಕಟ್ಟಳೆ ಅದರಲ್ಲಿಲ್ಲ. ರಾಗಿ, ತರಕಾರಿ, ದ್ರಾಕ್ಷಿ, ರೇಷ್ಮೆ, ಹಾಲು ಇವನ್ನೇ ನಂಬಿದ್ದ ಕುಟುಂಬಗಳು 2022ರ ಏಪ್ರಿಲ್ 4ರಂದು ಧರಣಿ ಕುಳಿತವು. ಬಿಸಿಲು, ಮಳೆ, ಸುಗ್ಗಿ, ಹಬ್ಬಗಳು ಕಳೆದವು; 2023ರ ಚುನಾವಣೆಯಲ್ಲಿ ಒಂದು ಸರಕಾರ ಹೋಗಿ ಇನ್ನೊಂದು ಬಂದಿತು; ಧರಣಿ ಏಳಲಿಲ್ಲ. 2025ರ ಜೂನ್ 25ರ ‘ದೇವನಹಳ್ಳಿ ಚಲೋ’ ದಿನ ಪೊಲೀಸರು ಹೋರಾಟಗಾರರನ್ನು ಬಂಧಿಸಿದರು. ಕೊನೆಗೆ 2025ರ ಜುಲೈ 15ರಂದು, ಧರಣಿಯ 1,198ನೆಯ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಭೂಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಆ ಸಹನೆಗೆ ತಲೆಬಾಗದಿರಲಾರೆ. ಆದರೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದುಂಟು: ಒಂದು ಗ್ರಾಮಸಭೆಯ ಒಂದು ಮಧ್ಯಾಹ್ನದಲ್ಲಿ ಸರಕಾರ ಕೇಳಿ ತಿಳಿಯಬಹುದಾಗಿದ್ದ ಮಾತನ್ನು ಹೇಳಲು ರೈತನಿಗೆ ಮೂರು ವರ್ಷಕ್ಕೂ ಮಿಕ್ಕಿದ ಕಾಲ ಹಿಡಿಯಬೇಕಾಗಿತ್ತೆ?

ಧರಣಿಗೆ ದೇಹಬಲ ಬೇಕು, ಬಿಡುವು ಬೇಕು, ಲೋಕದ ಗಮನ ಬೇಕು. ಇವು ಎಲ್ಲರಿಗೂ ಸಮನಾಗಿ ದೊರೆಯವು. ಹಾಸಿಗೆ ಹಿಡಿದ ಅಜ್ಜಿ, ಜೀತದಂತಹ ದುಡಿಮೆಯಲ್ಲಿ ಸಿಕ್ಕ ಕೂಲಿ, ಅಲ್ಪಸಂಖ್ಯೆಯ ಒಂದು ಬೀದಿಯ ಜನ ಇವರ ದನಿ ಕೂಗಿನ ಪೈಪೋಟಿಯಲ್ಲಿ ಸೋಲುತ್ತದೆ. ವಿಧಿಬದ್ಧವಾದ ಮಾರ್ಗದಲ್ಲಿ ಹಾಗಲ್ಲ: ಒಬ್ಬರಿಗೆ ಒಂದೇ ಮತ, ಒಂದು ಪ್ರಶ್ನೆಗೆ ಒಂದು ಉತ್ತರ, ಒಂದು ನಿರ್ಣಯಕ್ಕೆ ನಡಾವಳಿ ಪುಸ್ತಕದಲ್ಲಿ ಒಂದು ದಿನಾಂಕ. ಕೂಗಿಗೆ ನೆನಪಿಲ್ಲ, ನಡಾವಳಿಗೆ ನೆನಪುಂಟು. ಚನ್ನರಾಯಪಟ್ಟಣದ ಗೆಲುವು ಕೂಡ ಕೊನೆಗೆ ಸರಕಾರದ ತೀರ್ಮಾನವೊಂದರ ರೂಪದಲ್ಲಿಯೇ ಬರಬೇಕಾಯಿತಲ್ಲವೆ? ಬೀದಿಯಲ್ಲಿ ಗೆದ್ದುದನ್ನು ಕಾಪಾಡುವುದು ಕಾಗದದಲ್ಲಿ. ಆ ಕಾಗದವನ್ನು ಓದುವವರೇ ಇಲ್ಲದಿದ್ದರೆ ಗೆಲುವಿಗೂ ಕಾವಲಿಲ್ಲ.

ಬೂದಿಗೆರೆ ಎಂಬ ಹೆಸರಿನ ತುದಿಯಲ್ಲಿಯೇ ಕೆರೆಯಿದೆ. ಈ ಬಯಲುಸೀಮೆಯ ಊರುಗಳು ನದಿಯನ್ನು ನಂಬಿದವಲ್ಲ, ಕೆರೆಯನ್ನು ನಂಬಿದವು. ಕೆರೆಯ ಗುಣವನ್ನು ಬಲ್ಲ ರೈತನಿಗೆ ನಾನು ಹೇಳುತ್ತಿರುವುದು ಹೊಸದಲ್ಲ. ಕೆರೆ ಒಂದೇ ದಿನ ಒಡೆದು ಹಾಳಾಗುವುದು ವಿರಳ. ವರ್ಷವರ್ಷವೂ ಒಂದು ಪದರ ಹೂಳು ಕೂಡಿ, ಮೇಲೆ ನೀರು ಹೊಳೆಯುತ್ತಿರುವಂತೆಯೇ ಆಳ ಕಡಮೆಯಾಗುತ್ತ ಹೋಗುತ್ತದೆ. ತೂಬನ್ನು ಕಾಯಲು ನೀರುಗಂಟಿ ಸಾಕು. ಹೂಳೆತ್ತಲು ಊರೇ ಬೇಕು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಎಂಬ ಗಾದೆ ಹುಟ್ಟಿದ್ದು ಇಂತಹ ಕೆಲಸಗಳ ಅನುಭವದಿಂದಲೇ ಇರಬೇಕು. ನೂರಕ್ಕೆ 90ರ ಮತದಾನ ಹೊಳೆಯುವ ನೀರು. ಬರಿದಾದ ಗ್ರಾಮಸಭೆ, ನಡೆಯದ ಚುನಾವಣೆ, ಹರಾಜಾದ ಸ್ಥಾನ ಇವು ಅಡಿಯ ಹೂಳು.

ಹೂಳೆತ್ತುವ ದಾರಿಯೇನು? ಕಡ್ಡಾಯವೊಂದರಿಂದ ಇದು ಆಗದು. ಪ್ರಾಚೀನ ಅಥೆನ್ಸ್ ನಗರದಲ್ಲಿ ಸಂತೆಯಲ್ಲಿ ಹರಟುತ್ತ ನಿಂತವರನ್ನು ಕೆಂಪು ಬಣ್ಣ ಬಳಿದ ಹಗ್ಗ ಹಿಡಿದು ಸಭಾಸ್ಥಾನದ ಕಡೆಗೆ ಅಟ್ಟುತ್ತಿದ್ದರಂತೆ. ನಮ್ಮ ರಾಜ್ಯವೂ 2015ರ ತಿದ್ದುಪಡಿಯಿಂದ ಪಂಚಾಯತಿ ಚುನಾವಣೆಯಲ್ಲಿ ಮತದಾನವನ್ನು ಕಡ್ಡಾಯ ಮಾಡಿತು. ಆದರೆ ಹಗ್ಗ ದೇಹವನ್ನು ತಂದೀತು, ಮನಸ್ಸನ್ನು ತರಲಾರದು. ಮನಸ್ಸನ್ನು ತರುವುದು ಶಿಕ್ಷಣ. 1945ರಲ್ಲಿ ಡಿ. ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದೂ, ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಬರೆದದ್ದೂ, ಸ್ವರಾಜ್ಯ ಬಂದ ಮೇಲೆ ಸ್ವರಾಜ್ಯವನ್ನು ನಡೆಸಬಲ್ಲ ಪ್ರಜೆಗಳು ಬೇಕೆಂಬ ಕಾಳಜಿಯಿಂದ. ಆ ಕಾಳಜಿಯ ಎಳೆಯೊಂದು ಇಂದಿನ ಮಕ್ಕಳ ಗ್ರಾಮಸಭೆಗಳಲ್ಲಿ ಉಳಿದಿದೆ. ಶಾಲೆಯ ಶೌಚಾಲಯದ ಬಾಗಿಲು ಮುರಿದಿದೆಯೆಂದು ಪಂಚಾಯತಿಯ ಅಧ್ಯಕ್ಷರೆದುರು ನಿಂತು ಹೇಳಿದ ಬಾಲಕಿ ಮುಂದೆ ತನ್ನ ಹೆಸರನ್ನು ಮರೆಮಾಚಿಕೊಳ್ಳುವ ಮತದಾರಳಾಗುವುದಿಲ್ಲ.

ಶಿಕ್ಷಣದ ಜೊತೆಗೆ ಅನುಕೂಲವೂ ಬೇಕು. ಸಭೆಯ ಹೊತ್ತು ದುಡಿಯುವವರ ಬಿಡುವಿಗೆ ಹೊಂದಬೇಕು. ಸಂಜೆಯೋ ರಜಾದಿನವೋ ಏಕಾಗಬಾರದು? ಕ್ರಿಯಾಯೋಜನೆಯ ನಕಲು ಸಭೆಗೆ ಒಂದು ವಾರ ಮೊದಲೇ ಹಾಲಿನ ಡೇರಿಯ ಗೋಡೆಯ ಮೇಲೆ ಕಾಣಬೇಕು. ಊರಿನ ನೆಲದ ವಿಷಯದಲ್ಲಿ ಊರಿನ ಸಭೆಯ ಸಮ್ಮತಿಯನ್ನು ಶಾಸನವೇ ಕೇಳಬೇಕು. ಬೂದಿಗೆರೆ ರಸ್ತೆಯ ಹೊಸ ಸಮುಚ್ಚಯಗಳಲ್ಲಿ ನೆಲೆಸಿ, ಮತದಾರರ ಪಟ್ಟಿಯಲ್ಲಿ ಮಾತ್ರ ಬಿಟ್ಟುಬಂದ ಊರಿನಲ್ಲಿಯೇ ಉಳಿದವರು, ಒಂದು ನಮೂನೆ 8ನ್ನು ತುಂಬಿ ತಮ್ಮ ಹೆಸರನ್ನು ತಾವು ಕುಡಿಯುವ ನೀರಿನ ಊರಿಗೆ ತಂದುಕೊಳ್ಳಬೇಕು. ಹದಿನೆಂಟು ತುಂಬಿದವರು ನಮೂನೆ 6ನ್ನು ತುಂಬಲು ಈಗ ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕಗಳಿವೆ. ಆ ಸಮುಚ್ಚಯಗಳನ್ನು ಕಟ್ಟಲು ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಬಂದು ತಗಡಿನ ಶೆಡ್ಡುಗಳಲ್ಲಿ ಬಾಳುವ ಕುಟುಂಬಗಳು ತಮ್ಮ ಊರಿನ ಸಭೆಗೂ ಹೋಗಲಾರದೆ, ಇಲ್ಲಿಯ ಸಭೆಗೂ ಸಲ್ಲದೆ ಎರಡು ಕಡೆಯೂ ಮೂಕವಾಗಿವೆ. ಇವರ ಮಾತನ್ನು ಯಾವ ಪುಸ್ತಕದಲ್ಲಿ ಬರೆದುಕೊಳ್ಳುವುದೆಂಬುದಕ್ಕೆ ಉತ್ತರ ಹುಡುಕುವುದು ಸರಕಾರದ ಹೊಣೆ, ನೆರೆಯವರಾದ ನಮ್ಮ ಹೊಣೆಯೂ ಹೌದು.

ಇಷ್ಟೆಲ್ಲ ಆಗುವವರೆಗೆ ಕಾಯಬೇಕಾದ ಅಗತ್ಯವಿಲ್ಲದ ಒಂದು ಸಣ್ಣ ಕೆಲಸವುಂಟು. ಮುಂದಿನ ಗ್ರಾಮಸಭೆಯ ಡಂಗುರವನ್ನೋ ಆಟೋವಿನ ಧ್ವನಿವರ್ಧಕವನ್ನೋ ಕೇಳಿದಾಗ, ಆ ಒಂದು ದಿನ ಹೋಗಿ ಜಮಖಾನದ ಮೇಲೆ ಕುಳಿತು, ಫಲಾನುಭವಿಗಳ ಪಟ್ಟಿ ಓದುವ ಮೊದಲು ಎದ್ದು ನಿಂತು, “ಸ್ವಾಮಿ, ಹಿಂದಿನ ಸಭೆಯ ನಡಾವಳಿಯನ್ನು ಓದಿ, ಅಂದು ನಿರ್ಣಯಿಸಿದ್ದರಲ್ಲಿ ಏನಾಯಿತು, ಏನಾಗಲಿಲ್ಲ ಹೇಳಿ” ಎಂದು ಕೇಳುವುದು. ಪುಸ್ತಕ ತೆರೆದು ಓದಲೇಬೇಕಾಗುತ್ತದೆ. ಮೊದಲ ಸಲ ಒಬ್ಬರೇ ಕೇಳಿಯಾರು, ಆರು ತಿಂಗಳ ಬಳಿಕ ಆ ಪ್ರಶ್ನೆಯನ್ನು ಕೇಳಲು ನಾಲ್ವರು ಬಂದಾರು. ಓದಿದ್ದು ಸರಿಯಿದೆಯೆಂದು ಕಂಡ ಮೇಲೆ, ಹೆಸರನ್ನು ಪೂರ್ಣವಾಗಿ ಬರೆದು, ಅದರ ಕೆಳಗೆ ಸಹಿ ಹಾಕಿ ಮನೆಗೆ ಬರುವುದು.